ಶಿರಸಿ ಪೇಟೆಯ ಚೀಸ್‌ಗಳಲ್ಲಿ ಮ್ಯಾಕರೋನಿಗೆ ಒಗ್ಗುವುದು ಯಾವುದು?

ಶಿರಸಿ ಪೇಟೆಯಲ್ಲಿ ಚೀಸ್ ಕೇಳಿದರೆ ಕೆಲವು ವರ್ಷಗಳ ಹಿಂದಿನವರೆಗೂ ಅಂಗಡಿಯವರು ಕ್ಯೂಬ್‌ಗಳ ಡಬ್ಬಿಯೊಂದನ್ನು ಮುಂದಿಡುತ್ತಿದ್ದರು; ಆಯ್ಕೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ದೊಡ್ಡ ಕಿರಾಣಿ ಅಂಗಡಿಗಳ ಮತ್ತು ಸುಪರ್ ಮಾರ್ಕೆಟ್‌ಗಳ ಗಾಜಿನ ಫ್ರಿಜ್‌ನಲ್ಲಿ ಕ್ಯೂಬ್, ಸ್ಲೈಸ್, ಬ್ಲಾಕ್, ಪಿಜ್ಜಾಕ್ಕೆಂದು ಬರುವ ಮೊಝರೆಲ್ಲಾ, ತುರಿದೇ ಮಾರುವ ಮಿಶ್ರಣ, ಡಬ್ಬಿಯ ಸ್ಪ್ರೆಡ್ ಎಲ್ಲವೂ ಸಾಲಾಗಿ ಕೂತಿರುತ್ತವೆ. ಕಾರವಾರದವರಿಗೆ ಗೋವಾ ಹತ್ತಿರವಿರುವುದರಿಂದ ಚೆಡ್ಡಾರ್, ಗೌಡಾದಂಥ ಮಾಗಿಸಿದ ಚೀಸ್‌ಗಳು ದೊರೆಯುವುದೂ ಅಷ್ಟೇನೂ ಕಷ್ಟವಲ್ಲ. ಮಕ್ಕಳು ಕೇಳಿದರೆಂದು ಮನೆಯಲ್ಲೇ ಮ್ಯಾಕರೋನಿ ಆಂಡ್ ಚೀಸ್ (ಬೇಯಿಸಿದ ಮ್ಯಾಕರೋನಿಯನ್ನು ಚೀಸ್ ಸಾಸ್‌ನಲ್ಲಿ ಬೆರೆಸಿದ ಖಾದ್ಯ) ಮಾಡಹೊರಟವರು ಈ ಫ್ರಿಜ್‌ನ ಮುಂದೆ ನಿಂತು ಯಾವುದನ್ನು ಒಯ್ಯಬೇಕೆಂದು ತಿಳಿಯದೆ, ಕೊನೆಗೆ ಜಾಹೀರಾತಿನಲ್ಲಿ ಉದ್ದುದ್ದ ಎಳೆ ಬರುವುದನ್ನೇ ಎತ್ತಿಕೊಂಡು ಬರುತ್ತಾರೆ. ಈ ವಿಮರ್ಶೆ ಅವುಗಳನ್ನು ಆ ಒಂದೇ ಖಾದ್ಯದ ದೃಷ್ಟಿಯಿಂದ ತೂಗಿ ನೋಡುತ್ತದೆ. ಸ್ಯಾಂಡ್‌ವಿಚ್‌ಗೆ ಯಾವುದು ಚಲೋ, ದೋಸೆಯ ಮೇಲೆ ಯಾವುದು ತುರಿಯಬೇಕು ಎಂಬುದು ಇಲ್ಲಿಯ ವಿಷಯವಲ್ಲ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಸಾಮಾನ್ಯವಾದ, ಎಲ್ಲ ಕಡೆ ಸಿಗುವ, ಚೀಸ್ ಬಲ್ಲವರು ಮೂಗು ಮುರಿಯುವ ಪ್ರೊಸೆಸ್ಡ್ ಚೀಸ್ (ಲವಣ ಸೇರಿಸಿ ಕಾಸಿ ಸಿದ್ಧಪಡಿಸಿದ ಚೀಸ್) ಬ್ಲಾಕೇ ಈ ಖಾದ್ಯಕ್ಕೆ ಬೆನ್ನೆಲುಬು. ರುಚಿಗೆ ಅದರ ಜೊತೆ ಮೂರನೆಯ ಒಂದು ಪಾಲು ಚೆಡ್ಡಾರ್ ಸೇರಿಸಿದರೆ ಹೆಚ್ಚಿನದೇನೂ ಬೇಡ. ಮೊಝರೆಲ್ಲಾ ಈ ಕೆಲಸಕ್ಕೆ ಹೇಳಿದ್ದಲ್ಲ.

ಇದು ಅಗ್ಗದ ಸಾಮಾನನ್ನು ಸಮರ್ಥಿಸಿಕೊಳ್ಳುವ ಮಾತಲ್ಲ. ಖಾದ್ಯದ ಚರಿತ್ರೆಯೇ ಇದಕ್ಕೆ ಸಾಕ್ಷಿಯಾಗಿದೆ. ಮ್ಯಾಕರೋನಿಯನ್ನು ಚೀಸ್‌ನೊಂದಿಗೆ ಬೇಯಿಸುವ ಪದ್ಧತಿ ಯುರೋಪಿನದು. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್‌ಸನ್ 1802ರಲ್ಲಿ ಕೊಟ್ಟ ಔತಣವೊಂದರಲ್ಲಿ ಮ್ಯಾಕರೋನಿಯ ಖಾದ್ಯ ಬಡಿಸಿದ್ದು ದಾಖಲೆಯಲ್ಲಿದೆ. ಅವರ ಮನೆಗೆ ಫ್ರೆಂಚ್ ಅಡುಗೆಯನ್ನು ತಂದವರು ಫ್ರಾನ್ಸ್‌ನಲ್ಲಿ ತರಬೇತಿ ಪಡೆದ, ಗುಲಾಮಗಿರಿಯಲ್ಲಿದ್ದ ಅಡುಗೆಯವರಾದ ಜೇಮ್ಸ್ ಹೆಮಿಂಗ್ಸ್. ಆದರೆ ಶ್ರೀಮಂತರ ಮೇಜಿನ ಈ ತಿನಿಸು ಸಾಮಾನ್ಯರ ಮನೆಯ ರಾತ್ರಿಯೂಟವಾಗಿದ್ದು ಪ್ರೊಸೆಸ್ಡ್ ಚೀಸ್ ಬಂದ ಮೇಲೆ. ಜೇಮ್ಸ್ ಎಲ್. ಕ್ರಾಫ್ಟ್ ಎಂಬುವರು ಚೀಸ್ ಸಂಸ್ಕರಣೆಯ ತಮ್ಮ ವಿಧಾನಕ್ಕೆ 1916ರಲ್ಲಿ ಪೇಟೆಂಟ್ ಪಡೆದರು. ಅವರದೇ ಹೆಸರಿನ ಕಂಪನಿ 1937ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ನಾಲ್ವರಿಗೆ ಸಾಲುವ ಮ್ಯಾಕರೋನಿ ಮತ್ತು ಚೀಸ್ ಪುಡಿಯ ಡಬ್ಬಿಯನ್ನು 19 ಸೆಂಟ್‌ಗಳಿಗೆ ಮಾರತೊಡಗಿತು. ಇಂದು ಮಕ್ಕಳು ಮೊಬೈಲಿನಲ್ಲಿ ನೋಡಿ ಆಸೆಪಡುವ, ನಯವಾಗಿ ಹೊಳೆಯುವ ಹಳದಿ ಸಾಸ್ ಆ ಪರಂಪರೆಯದು. ಅದನ್ನು ಬರೀ ದುಬಾರಿ ಚೀಸ್‌ನಿಂದ ಪಡೆಯಹೊರಟರೆ ಹಣವೂ ಹೋಗುತ್ತದೆ, ಸಾಸೂ ಒಡೆಯುತ್ತದೆ.

ಒಡೆಯುವುದೇಕೆ ಎಂಬುದನ್ನು ತಿಳಿದರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದಂತೆ. ಚೀಸ್ ಎಂದರೆ ಹಾಲಿನ ಕೇಸೀನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂನ ಬೆಸುಗೆಯಿಂದ ಹೆಣೆದುಕೊಂಡ ಬಲೆ. ಕೊಬ್ಬು ಮತ್ತು ನೀರು ಆ ಬಲೆಯೊಳಗೆ ಸಿಕ್ಕಿಕೊಂಡಿರುತ್ತವೆ. ಬಿಸಿ ಹೆಚ್ಚಾದಾಗ ಪ್ರೋಟೀನ್ ಮುದುಡಿ ಗಂಟಾಗುತ್ತದೆ, ಕೊಬ್ಬು ಎಣ್ಣೆಯಾಗಿ ಹೊರಬಂದು ಮೇಲೆ ತೇಲುತ್ತದೆ. ಪ್ರೊಸೆಸ್ಡ್ ಚೀಸ್ ತಯಾರಿಸುವಾಗ ಸಿಟ್ರೇಟ್ ಅಥವಾ ಫಾಸ್ಫೇಟ್ ಜಾತಿಯ ಲವಣಗಳನ್ನು ಸೇರಿಸಿ ಬಿಸಿ ಮಾಡುತ್ತಾರೆ. ಆ ಲವಣಗಳು ಕ್ಯಾಲ್ಸಿಯಂ ಅನ್ನು ತಮ್ಮತ್ತ ಎಳೆದುಕೊಂಡು ಬೆಸುಗೆಯನ್ನು ಸಡಿಲಿಸುತ್ತವೆ. ಬಿಡುಗಡೆಯಾದ ಪ್ರೋಟೀನ್ ಕೊಬ್ಬಿನ ಹನಿಗಳನ್ನು ಸುತ್ತುವರಿದು ನೀರಿನಲ್ಲಿ ಹಿಡಿದಿಡುತ್ತದೆ. ಆದ್ದರಿಂದಲೇ ಈ ಚೀಸ್ ಎಷ್ಟು ಕಾಸಿದರೂ ಸುಲಭವಾಗಿ ಎಣ್ಣೆ ಬಿಡುವುದಿಲ್ಲ. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ 331 ಅಥವಾ 339 ಎಂಬ ಸಂಖ್ಯೆ ಕಂಡರೆ ಅವು ಇದೇ ಲವಣಗಳು, ಸೋಡಿಯಂ ಸಿಟ್ರೇಟ್ ಮತ್ತು ಸೋಡಿಯಂ ಫಾಸ್ಫೇಟ್. ಸಂಖ್ಯೆ ನೋಡಿದೊಡನೆ ರಾಸಾಯನಿಕವೆಂದು ಡಬ್ಬಿಯನ್ನು ವಾಪಸು ಇಡುವವರನ್ನು ಕಂಡಿದ್ದೇನೆ. ಈ ಖಾದ್ಯಕ್ಕಾದರೆ ಆ ಸಂಖ್ಯೆ ಇರುವ ಡಬ್ಬಿಯನ್ನೇ ಹುಡುಕಿ ತರಬೇಕು.

ಇನ್ನು ಒಂದೊಂದಾಗಿ. ಕ್ಯೂಬ್ ಮತ್ತು ಬ್ಲಾಕ್ ಬಹುಮಟ್ಟಿಗೆ ಒಂದೇ ವಸ್ತು, ಆಕಾರ ಬೇರೆ. ಅಮುಲ್‌ನ 25 ಗ್ರಾಂ ಕ್ಯೂಬ್‌ಗಳು ಎಂಟು ಸೇರಿ 200 ಗ್ರಾಂ ಆಗುವುದರಿಂದ ಅಳತೆಗೆ ತಕ್ಕಡಿ ಬೇಕಾಗುವುದಿಲ್ಲ. ಅಪರೂಪಕ್ಕೆ ಮಾಡುವವರಿಗೆ ಅವೇ ಅನುಕೂಲ, ಏಕೆಂದರೆ ಬೇಕಾದಷ್ಟನ್ನು ಬಿಚ್ಚಿಕೊಂಡು ಉಳಿದದ್ದನ್ನು ಬೆಳ್ಳಿ ಹಾಳೆಯಲ್ಲಿಯೇ ಬಿಡಬಹುದು. ತಿಂಗಳಿಗೆ ಒಂದೆರಡು ಬಾರಿ ಮಾಡುವ ಮನೆಯಾದರೆ ಬ್ಲಾಕ್ ಕೊಂಡರೆ ಗ್ರಾಂ ಲೆಕ್ಕದಲ್ಲಿ ಅಗ್ಗ. ಸ್ಲೈಸ್‌ಗಳೂ ಕರಗುತ್ತವೆ, ನಯವೂ ಹೌದು; ಆದರೆ ಒಂದೊಂದರ ಪ್ಲಾಸ್ಟಿಕ್ ಸುಲಿಯುವಷ್ಟರಲ್ಲಿ ಹಾಲು ಉಕ್ಕುವ ಭಯ. ಸ್ಪ್ರೆಡ್‌ನಲ್ಲಿ ನೀರಿನಂಶ ಹೆಚ್ಚು, ಅದರಿಂದ ಮಾಡಿದ ಸಾಸ್‌ಗೆ ಮೈಯಿರುವುದಿಲ್ಲ.

ತುರಿದಿಟ್ಟ ಚೀಸ್ ಪ್ಯಾಕೆಟ್ ಬಗ್ಗೆ ಎಚ್ಚರ ಬೇಕು. ತುಣುಕುಗಳು ಒಂದಕ್ಕೊಂದು ಅಂಟದಿರಲೆಂದು ಅದಕ್ಕೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ. ಪಿಜ್ಜಾದ ಮೇಲೆ ಅದು ಗೊತ್ತಾಗುವುದಿಲ್ಲ, ಸಾಸ್‌ನಲ್ಲಿ ನಾಲಗೆಗೆ ತರಿತರಿಯಾಗಿ ಸಿಗುತ್ತದೆ. ಇದಲ್ಲದೆ ಅಗ್ಗದ ಪ್ಯಾಕೆಟ್‌ಗಳಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಸೇರಿಸಿದ ‘ಅನಲಾಗ್’ ಇರುತ್ತದೆ. ಲೇಬಲ್ಲಿನ ಮೇಲೆ ಆ ಪದವೋ, ಪದಾರ್ಥಗಳ ಪಟ್ಟಿಯಲ್ಲಿ ಎಣ್ಣೆಯ ಹೆಸರೋ ಕಂಡರೆ ಅದು ಚೀಸ್ ಅಲ್ಲವೆಂದೇ ತಿಳಿಯಬೇಕು.

ಮೊಝರೆಲ್ಲಾ ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ಜನ ಅತಿ ಹೆಚ್ಚು ಒಯ್ಯುವುದು ಅದನ್ನೇ. ಅಂಗಡಿಯವರು ಕೂಡ ಕೇಳಿದವರಿಗೆ, “ಮೇಡಂ, ಎಲ್ಲಾರೂ ಇದನ್ನೇ ಒಯ್ತಾರೆ, ಚಲೋ ಕರಗ್ತದೆ” ಎಂದು ಅದನ್ನೇ ಕೊಡುತ್ತಾರೆ. ಕರಗುವುದು ಸುಳ್ಳಲ್ಲ. ಆದರೆ ಮೊಝರೆಲ್ಲಾ ತಯಾರಿಯಲ್ಲಿ ಮೊಸರುಗಡ್ಡೆಯನ್ನು ಬಿಸಿನೀರಿನಲ್ಲಿ ಎಳೆದೆಳೆದು ನಾದುವುದರಿಂದ ಅದರ ಪ್ರೋಟೀನ್ ಉದ್ದನೆಯ ನಾರುಗಳಾಗಿ ಸಾಲುಗೂಡಿರುತ್ತದೆ. ಕರಗಿದರೂ ಅದು ನಾರಾಗಿಯೇ ಉಳಿಯಬಯಸುತ್ತದೆ. ಬೆಣ್ಣೆ, ಮೈದಾ, ಹಾಲು ಸೇರಿಸಿ ಮಾಡುವ ಬಿಳಿ ಸಾಸ್‌ಗೆ ಹಾಕಿ ಕದಡಿದರೆ ಸಟ್ಟುಗಕ್ಕೆ ಸುತ್ತಿಕೊಂಡು ಮೇಲೇಳುತ್ತದೆ, ಅತ್ತ ಮ್ಯಾಕರೋನಿ ಬರೀ ಹಾಲಿನಲ್ಲಿ ನೆನೆಯುತ್ತಿರುತ್ತದೆ. ತಟ್ಟೆಗೆ ಬಡಿಸಿ ಕೊಂಚ ಆರಿತೆಂದರೆ ರಬ್ಬರಿನಂಥ ಗಟ್ಟಿ ಮುದ್ದೆ. ರುಚಿಯೂ ಹಾಲಿನಷ್ಟೇ ಸಪ್ಪೆಯಾದ್ದರಿಂದ ಸಾಸ್‌ಗೆ ಅದು ಕೊಡುವ ಕೊಡುಗೆ ಅತ್ಯಲ್ಪ. ಓವನ್‌ನಲ್ಲಿ ಬೇಯಿಸುವ ಬಗೆಯಲ್ಲಿ ಮೇಲ್ಪದರಕ್ಕೆ ಒಂದು ಹಿಡಿ ಉದುರಿಸಿದರೆ ಚೆಂದ ಕಾಣುತ್ತದೆ. ಅಷ್ಟಕ್ಕೆ ಅದರ ಪಾತ್ರ ಮುಗಿಯಿತು. ಪನೀರ್ ತುರಿದು ಹಾಕಬಹುದೇ ಎಂದು ಕೇಳುವವರೂ ಇದ್ದಾರೆ. ಹುಳಿ ಹಾಕಿ ಬಿಸಿಯಲ್ಲಿ ಒಡೆದು ಮಾಡಿದ ಪನೀರ್ ಕರಗುವ ವಸ್ತುವೇ ಅಲ್ಲ, ಎಷ್ಟು ಕುದಿಸಿದರೂ ಹರಳು ಹರಳಾಗಿಯೇ ಇರುತ್ತದೆ.

ಚೆಡ್ಡಾರ್ ರುಚಿಯ ಮೂಲ. ತಿಂಗಳುಗಟ್ಟಲೆ ಮಾಗಿಸುವುದರಿಂದ ಅದರಲ್ಲಿ ಹುಳಿ, ಸ್ವಲ್ಪ ಕಹಿ, ಕಾಯಿಸಿದ ಬೆಣ್ಣೆಯಂಥ ಒಂದು ಘಮ ಸೇರಿರುತ್ತವೆ. ಪ್ರೊಸೆಸ್ಡ್ ಚೀಸ್‌ನಲ್ಲಿ ಇಲ್ಲದ್ದು ಇದೇ. ಆದರೆ ಒಂಟಿಯಾಗಿ ಬಳಸಿದರೆ ಮೇಲೆ ಹೇಳಿದ ಕಾರಣಕ್ಕೆ ಸಾಸ್ ಒಡೆಯುವ ಸಂಭವವಿದೆ, ಮಾಗಿದಷ್ಟೂ ಆ ಸಂಭವ ಹೆಚ್ಚು. ಎರಡು ಪಾಲು ಪ್ರೊಸೆಸ್ಡ್, ಒಂದು ಪಾಲು ಚೆಡ್ಡಾರ್ ಎಂಬ ಲೆಕ್ಕ ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ: ಮೊದಲನೆಯದರಲ್ಲಿರುವ ಲವಣಗಳು ಎರಡನೆಯದರ ಕೊಬ್ಬನ್ನೂ ಹಿಡಿದಿಡುತ್ತವೆ. ಶಿರಸಿಯಲ್ಲಿ ಚೆಡ್ಡಾರ್ ಸದಾ ಸಿಗುವುದಿಲ್ಲ ಎಂಬುದು ದೊಡ್ಡ ಕೊರತೆ. ಆನ್‌ಲೈನ್‌ನಲ್ಲಿ ತರಿಸಿದ್ದೊಂದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಘಟ್ಟ ಹತ್ತಿ ಬರುವಷ್ಟರಲ್ಲಿ ಪ್ಯಾಕೆಟ್ಟಿನೊಳಗೆ ಎಣ್ಣೆ ಬೆವರಿತ್ತು, ಐಸ್ ಚೀಲ ಬೆಚ್ಚಗಿನ ನೀರಾಗಿತ್ತು. ಮಾರಿದವರು ಹಣ ಹಿಂತಿರುಗಿಸಲಿಲ್ಲ. ಬೇಸಿಗೆಯಲ್ಲಿ ಆ ದಾರಿ ಬೇಡ. ಹುಬ್ಬಳ್ಳಿಗೋ ಕಾರವಾರಕ್ಕೋ ಹೋಗುವವರಿದ್ದರೆ ಹೇಳಿ ತರಿಸುವುದೇ ಕ್ಷೇಮ.

ಸಸ್ಯಾಹಾರಿ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ. ಹಾಲನ್ನು ಹೆಪ್ಪುಗಟ್ಟಿಸುವ ರೆನ್ನೆಟ್ ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ತೆಗೆಯುವಂಥದು. ನಮ್ಮ ದೇಶದ ಚೀಸ್‌ಗಳಿಗೆ ಸೂಕ್ಷ್ಮಜೀವಿಗಳಿಂದ ಪಡೆದ ರೆನ್ನೆಟ್ ಬಳಸುವುದು ರೂಢಿಯಲ್ಲಿದ್ದು, ಹಸಿರು ಚುಕ್ಕೆ ಇದ್ದರೆ ಚಿಂತೆಯಿಲ್ಲ. ಹೊರದೇಶದ ಚೆಡ್ಡಾರ್ ಕೊಳ್ಳುವಾಗ ಮಾತ್ರ ಆ ಚುಕ್ಕೆಯನ್ನು ಹುಡುಕಿ ನೋಡುವುದು ಅವಶ್ಯ.

ಹೊರದೇಶದಿಂದ ಬರುವ ಸಿದ್ಧ ಡಬ್ಬಿಗಳನ್ನೂ ಕೆಲವರು ತರಿಸುತ್ತಾರೆ: ಒಳಗೆ ಮ್ಯಾಕರೋನಿ, ಚೀಸ್ ಪುಡಿಯ ಒಂದು ಪೊಟ್ಟಣ; ಹಾಲು, ಬೆಣ್ಣೆ ನಾವು ಹಾಕಿಕೊಳ್ಳಬೇಕು. ಹಾಲು, ಬೆಣ್ಣೆ, ಪಾತ್ರೆ ತೊಳೆಯುವ ಕೆಲಸ ಎಲ್ಲವೂ ನಮ್ಮದೇ ಆದ ಮೇಲೆ ಆ ಡಬ್ಬಿ ಉಳಿಸಿಕೊಡುವುದು ಮೈದಾ ಹುರಿಯುವ ಎರಡು ನಿಮಿಷವನ್ನು ಮಾತ್ರ. ರುಚಿ ಉಪ್ಪಿನದು, ಬಣ್ಣ ಬಹಳ. ಐದಕ್ಕೆ ಎರಡು ಅಂಕ, ಅದರಲ್ಲಿ ಒಂದು ಮಕ್ಕಳ ಒತ್ತಾಯಕ್ಕೆ.

ಮ್ಯಾಕರೋನಿಯ ವಿಷಯದಲ್ಲಿ ಹೇಳುವುದು ಕಡಿಮೆ. ಡುರಮ್ ಗೋಧಿಯ ರವೆಯಿಂದ ಮಾಡಿದ್ದನ್ನೇ ಕೊಳ್ಳಬೇಕು. ನಾವು ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆ ಕೂಡ ಇದೇ ಜಾತಿಯ ಗೋಧಿಯದು. ಅದರ ಕಾಳು ಗಟ್ಟಿ, ಪ್ರೋಟೀನ್ ಹೆಚ್ಚು, ಆದ್ದರಿಂದ ಬೆಂದ ಮೇಲೂ ಆಕಾರ ಬಿಡುವುದಿಲ್ಲ. ಬಿಳಿಚಿಕೊಂಡ, ಬಿಡಿಯಾಗಿ ತೂಗಿ ಕೊಡುವ ಮೈದಾ ಮ್ಯಾಕರೋನಿ ಸಾಸ್‌ನಲ್ಲಿ ಐದು ನಿಮಿಷ ಕುಳಿತರೆ ಮೆತ್ತಗಾಗಿ ಅಂಬಲಿಯತ್ತ ಸಾಗುತ್ತದೆ. ಕೊಳವೆಯಂತೆ ಬಾಗಿದ ಸಣ್ಣ ಮ್ಯಾಕರೋನಿಯೇ ಒಳ್ಳೆಯದು, ಸಾಸ್ ಒಳಗೂ ಹೋಗಿ ನಿಲ್ಲುತ್ತದೆ.

ಅಳತೆ ಹೀಗೆ: ನಾಲ್ವರಿಗೆ 200 ಗ್ರಾಂ ಮ್ಯಾಕರೋನಿ, 500 ಮಿಲಿಲೀಟರ್ ಹಾಲು, 30 ಗ್ರಾಂ ಬೆಣ್ಣೆ, ಸುಮಾರು 25 ಗ್ರಾಂ, ಎಂದರೆ ಮಟ್ಟವಾದ ಮೂರು ದೊಡ್ಡ ಚಮಚ ಮೈದಾ, ಎಲ್ಲ ಸೇರಿ 200 ಗ್ರಾಂ ಚೀಸ್. ಹಾಲು ಗಟ್ಟಿಯಾಗಿರಬೇಕು. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಶುಭಂನಲ್ಲಿ ಶೇ. 4.5, ಎರಡನೆಯದರಲ್ಲಿ ಸಾಸ್ ಸ್ಪಷ್ಟವಾಗಿ ಮೃದುವಾಗುತ್ತದೆ. ಕೊಟ್ಟಿಗೆಯ ಹಾಲು ಇರುವ ಮನೆಯವರು ಕೆನೆ ತೆಗೆಯದೆ ಬಳಸಿದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಅಮೆರಿಕದ ಪಾಕವಿಧಾನಗಳಲ್ಲಿ ಕಾಣುವ ಎವಾಪೊರೇಟೆಡ್ ಹಾಲೆಂದರೆ ನಮ್ಮಲ್ಲಿ ಪಾಯಸಕ್ಕೆ ಬಳಸುವ ಡಬ್ಬಿಯ ಹಾಲೆಂದು ತಪ್ಪು ತಿಳಿಯುವವರಿದ್ದಾರೆ. ಇದು ಸಕ್ಕರೆ ಹಾಕಿದ್ದು, ಅದು ಸಕ್ಕರೆಯಿಲ್ಲದ್ದು.

ಬೆಣ್ಣೆ ಅಂಗಡಿಯದಾದರೆ ಅದರಲ್ಲಿ ಸಾಮಾನ್ಯವಾಗಿ ಉಪ್ಪಿರುತ್ತದೆ, ಪ್ರೊಸೆಸ್ಡ್ ಚೀಸ್‌ನಲ್ಲಿಯೂ ಧಾರಾಳ ಉಪ್ಪಿದೆ. ಆದ್ದರಿಂದ ಸಾಸ್‌ಗೆ ಬೇರೆ ಉಪ್ಪು ಹಾಕದೆ, ಎಲ್ಲ ಮುಗಿದ ಮೇಲೆ ರುಚಿ ನೋಡಿ ನಿರ್ಧರಿಸಬೇಕು. ಕಡೆದು ತೆಗೆದ ಮನೆಯ ಬೆಣ್ಣೆಯಾದರೆ ಎರಡು ಸಲ ತಣ್ಣೀರಿನಲ್ಲಿ ತೊಳೆದು ಮಜ್ಜಿಗೆಯ ಅಂಶ ಹೋಗಲಾಡಿಸಬೇಕು, ಇಲ್ಲವಾದರೆ ಬಾಣಲೆಯಲ್ಲಿ ಸಿಡಿಯುತ್ತದೆ, ತಳದಲ್ಲಿ ಬೇಗ ಕಂದುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬೆಣ್ಣೆ ಕರಗಿ ನೊರೆ ಇಳಿದೊಡನೆ ಮೈದಾ ಹಾಕಬೇಕು. ಮೊದಲು ಅದು ಮುದ್ದೆಯಾಗಿ ತಳ ಹಿಡಿಯುವಂತೆ ಕಾಣುತ್ತದೆ, ಕೈಬಿಡದೆ ತಿರುವಿದರೆ ಒಂದು ನಿಮಿಷದಲ್ಲಿ ಸಡಿಲವಾಗಿ ಸಣ್ಣ ಗುಳ್ಳೆಗಳೇಳುತ್ತವೆ. ಹಸಿ ಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನಂಥ ಪರಿಮಳ ಬರುವ ಆ ಹೊತ್ತು ಮುಖ್ಯ, ಬಣ್ಣ ಬದಲಾಗಲು ಬಿಡಬಾರದು. ನಂತರ ಉಗುರುಬೆಚ್ಚಗಿನ ಹಾಲನ್ನು ಮೊದಲು ಒಂದು ಸಟ್ಟುಗದಷ್ಟು ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದನ್ನು ಮೂರು ಕಂತಿನಲ್ಲಿ ಸೇರಿಸಬೇಕು. ಕುದಿ ಬಂದ ಮೇಲೆಯೇ ಪಿಷ್ಟ ಪೂರ್ತಿ ಅರಳುವುದರಿಂದ ಅಲ್ಲಿಯವರೆಗೆ ತೆಳ್ಳಗಿದೆಯೆಂದು ಹಿಟ್ಟು ಹೆಚ್ಚಿಸುವ ಅವಸರ ಬೇಡ. ಸಟ್ಟುಗದ ಹಿಂಬದಿಗೆ ಸಾಸ್ ಹಚ್ಚಿಕೊಂಡು, ಬೆರಳಿನಿಂದ ಗೆರೆ ಎಳೆದರೆ ಗೆರೆ ಉಳಿಯಬೇಕು. ಅಲ್ಲಿಗೆ ಒಲೆ ಆರಿಸಿ, ಸಣ್ಣಗೆ ತುರಿದ ಚೀಸ್ ಅನ್ನು ಹಿಡಿ ಹಿಡಿಯಾಗಿ ಹಾಕಿ ಪಾತ್ರೆಯ ಬಿಸಿಯಲ್ಲಿಯೇ ಕರಗಿಸಬೇಕು. ಚೆಡ್ಡಾರ್ ಕೊನೆಗೆ. ಮತ್ತೆ ಒಲೆಯ ಮೇಲಿಟ್ಟು ಕುದಿಸಿದವರು ಎಣ್ಣೆ ತೇಲಿತೆಂದು ಚೀಸ್ ಅನ್ನು ದೂರಬಾರದು.

ಮ್ಯಾಕರೋನಿಯನ್ನು ಪ್ಯಾಕೆಟ್ಟಿನಲ್ಲಿ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಬೇಕು, ಉಳಿದದ್ದು ಸಾಸ್‌ನಲ್ಲಿ ಬೇಯುತ್ತದೆ. ಬಸಿದ ನೀರನ್ನು ಒಂದು ಲೋಟ ಇಟ್ಟುಕೊಂಡಿರುವುದು ಒಳಿತು. ಸಾಸ್ ಗಟ್ಟಿಯಾದರೆ ಬರೀ ನೀರಿಗಿಂತ ಪಿಷ್ಟ ಬಿಟ್ಟ ಈ ಗಂಜಿನೀರು ಚೆನ್ನಾಗಿ ಬೆರೆಯುತ್ತದೆ. ಬಸಿದ ಮೇಲೆ ತಣ್ಣೀರಿನಲ್ಲಿ ತೊಳೆಯುವ ನಮ್ಮೂರ ರೂಢಿ ಇಲ್ಲಿ ಕೂಡದು, ಮೇಲ್ಮೈಯ ಪಿಷ್ಟ ಹೋದರೆ ಸಾಸ್ ಜಾರುತ್ತದೆ.

ಇಷ್ಟು ಮೂಲ ಪಾಕ. ಇದರ ಮೇಲೆ ನಮ್ಮ ರುಚಿಗೆ ತಕ್ಕಂತೆ ಏನೇನು ಮಾಡಬಹುದೆಂಬುದೇ ಮನೆಯಲ್ಲಿ ಮಾಡುವುದರ ಲಾಭ, ಮತ್ತು ಈ ವಿಷಯದಲ್ಲಿ ಉತ್ತರ ಕನ್ನಡದವರಿಗೆ ಇರುವ ಅನುಕೂಲ ಬೇರೆಯವರಿಗೆ ಅಪರೂಪ. ಹಾಲಿನ ಬಿಳಿ ಸಾಸ್‌ಗೆ ಯುರೋಪಿನವರು ಹಿಂದಿನಿಂದಲೂ ಹಾಕುವ ಮಸಾಲೆ ಜಾಯಿಕಾಯಿ. ಅದು ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಮರದಿಂದ ಉದುರುತ್ತದೆ. ಪೇಟೆಯ ಪುಡಿಯನ್ನು ಮರೆತು, ಇಡೀ ಬೀಜವನ್ನು ಸಣ್ಣ ತುರಿಮಣೆಯ ಮೇಲೆ ನಾಲ್ಕೈದು ಬಾರಿ ಎಳೆದರೆ ಸಾಕು. ಹಾಲಿನ ಸಪ್ಪೆ ಹೋಗಿ ಸಾಸ್‌ಗೆ ಒಂದು ಬೆಚ್ಚಗಿನ ಸುವಾಸನೆ ಬರುತ್ತದೆ, ಆದರೆ ತಿನ್ನುವವರಿಗೆ ಏನು ಹಾಕಿದ್ದೆಂದು ತಿಳಿಯಬಾರದು. ಹೆಚ್ಚಾದರೆ ಔಷಧದ ವಾಸನೆ, ದೊಡ್ಡ ಪ್ರಮಾಣದಲ್ಲಿ ಅದು ದೇಹಕ್ಕೆ ಒಳ್ಳೆಯದೂ ಅಲ್ಲ. ಜಾಪತ್ರೆಯಾದರೆ ಒಂದು ಎಸಳನ್ನು ಹಾಲು ಬಿಸಿ ಮಾಡುವಾಗಲೇ ಹಾಕಿ ತೆಗೆಯಬಹುದು, ಪರಿಮಳ ಇನ್ನೂ ನಯ. ತೋಟದ ಕಾಳುಮೆಣಸನ್ನು ಆಗಲೇ ಕುಟ್ಟಿ, ತರಿಯಾಗಿ, ಬಡಿಸುವ ಮುನ್ನ ಉದುರಿಸಬೇಕು.

ಸಾಸಿವೆಯೂ ಬೇಕು. ಅರ್ಧ ಚಮಚ ಸಾಸಿವೆಯನ್ನು ನುಣ್ಣಗೆ ಪುಡಿ ಮಾಡಿ ಮೈದಾದ ಜೊತೆ ಸೇರಿಸಿದರೆ ಚೀಸ್‌ನ ರುಚಿ ಹರಿತವಾಗುತ್ತದೆ, ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿಯಲೂ ಅದು ಸ್ವಲ್ಪ ನೆರವಾಗುತ್ತದೆ. ಚೆಡ್ಡಾರ್ ಸಿಗದ ದಿನ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಇದೊಂದೇ. ಖಾರ ಬೇಕಾದವರು ಸೂಜಿಮೆಣಸನ್ನು ಬೆಣ್ಣೆಯಲ್ಲಿ ಬಾಡಿಸಿ ತೆಗೆದುಬಿಡಬೇಕು. ಬೆಣ್ಣೆ ಖಾರವನ್ನು ಎಳೆದುಕೊಂಡಿರುತ್ತದೆ, ಮಕ್ಕಳ ಹಲ್ಲಿಗೆ ಮೆಣಸು ಸಿಗುವುದಿಲ್ಲ.

ಈರುಳ್ಳಿಗೆ ಬಂದರೆ, ಬೇಸಿಗೆಯಲ್ಲಿ ಕುಮಟಾ ಹತ್ತಿರ ಅಳ್ವೆಕೋಡಿ, ಹಂದಿಗೋಣಗಳ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿ ಮಾರುವ ಸಿಹಿ ಈರುಳ್ಳಿಗೆ ಸಮನಾದದ್ದು ಇನ್ನೊಂದಿಲ್ಲ. ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿ ಜೇನಿನ ಬಣ್ಣ ಬರುವವರೆಗೆ ಬಾಡಿಸಿ ಮ್ಯಾಕರೋನಿಯಲ್ಲಿ ಬೆರೆಸಿದರೆ, ಚೀಸ್‌ನ ಉಪ್ಪಿಗೆ ಅದರ ಸಿಹಿ ಸರಿಯಾದ ಜೋಡಿ. ನೀರಿನಂಶ ಹೆಚ್ಚಿರುವುದರಿಂದ ಸಮಯ ಹಿಡಿಯುತ್ತದೆ, ಅರ್ಧ ಗಂಟೆ ಮೀರಿದರೂ ಉರಿ ಹೆಚ್ಚಿಸಬಾರದು. ಸಾಮಾನ್ಯ ಈರುಳ್ಳಿಯಲ್ಲಿ ಇದನ್ನು ಮಾಡಿ ನೋಡಿದ್ದೇನೆ, ಖಾರದ ವಾಸನೆ ಪೂರ್ತಿ ಹೋಗುವುದಿಲ್ಲ.

ಮೇಲಿನ ಗರಿಗರಿ ಪದರಕ್ಕೆ ಪಾಶ್ಚಾತ್ಯರು ಬ್ರೆಡ್ ಪುಡಿ ಬಳಸುತ್ತಾರೆ. ಕಾರವಾರದಲ್ಲಿ ಹಿಂದಿನ ದಿನದ ಪಾವ್ ಒಣಗಿಸಿ ಪುಡಿ ಮಾಡಿ ಬೆಣ್ಣೆಯಲ್ಲಿ ಹುರಿದರೆ ಅದಕ್ಕಿಂತ ರುಚಿ. ಘಟ್ಟದ ಮೇಲೆ ನಮಗೆ ಹಲಸಿನ ಹಪ್ಪಳವಿದೆ. ಕರಿದ ಹಪ್ಪಳವನ್ನು ಕೈಯಲ್ಲಿ ಒರಟಾಗಿ ಮುರಿದು ಬಡಿಸುವ ಕ್ಷಣದಲ್ಲಿ ಮೇಲೆ ಉದುರಿಸಬೇಕು. ಅದರ ಖಾರ, ಹಲಸಿನ ಮೆಲ್ಲನೆಯ ಸಿಹಿ, ಕುರುಕುಲು ಮೂರೂ ಮೆತ್ತನೆಯ ಮ್ಯಾಕರೋನಿಗೆ ಬೇಕಾದವೇ. ಮೊದಲೇ ಹಾಕಿಟ್ಟರೆ ಸಾಸ್‌ನ ಹಬೆಗೆ ಚರ್ಮದಂತಾಗುತ್ತದೆ. ಓವನ್‌ನಲ್ಲಿ ಬೇಯಿಸಲೇಬೇಕೆಂಬ ನಿಯಮವೂ ಇಲ್ಲ. ಸಣ್ಣ ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಇದ್ದವರು 200 ಡಿಗ್ರಿಯಲ್ಲಿ ಮೇಲ್ಭಾಗ ಕೆಂಪಾಗುವವರೆಗೆ ಇಡಬಹುದು, ಆದರೆ ಆಗ ಸಾಸ್ ಅನ್ನು ಕೊಂಚ ತೆಳ್ಳಗೆ ಮಾಡಿಕೊಳ್ಳಬೇಕು, ಏಕೆಂದರೆ ಆ ಬಿಸಿಯಲ್ಲಿ ಮ್ಯಾಕರೋನಿ ಇನ್ನಷ್ಟು ಹೀರುತ್ತದೆ.

ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ಸಿಗಡಿಯ ಬಗೆಯನ್ನು ಕಾರವಾರದ ಗೆಳತಿಯಿಂದ ತಿಳಿದು ಬರೆಯುತ್ತಿದ್ದೇನೆ. ಆಕೆ ಹಸಿ ಸಿಗಡಿಯನ್ನು ಸಾಸ್‌ನಲ್ಲಿ ಬೇಯಿಸುವುದಿಲ್ಲ, ನೀರು ಬಿಟ್ಟು ಸಾಸ್ ತೆಳ್ಳಗಾಗುತ್ತದೆ ಎನ್ನುತ್ತಾಳೆ. ಅರಿಶಿನ, ಮೆಣಸಿನ ಪುಡಿ ಹಚ್ಚಿ ಕಾವಲಿಯ ಮೇಲೆ ಬೇರೆಯಾಗಿ ಹುರಿದು ಕೊನೆಗೆ ಸೇರಿಸುತ್ತಾಳೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಒಣ ಸಿಗಡಿಯನ್ನು ಹುರಿದು ಪುಡಿ ಮಾಡಿ ಮೇಲೆ ಉದುರಿಸುವುದೂ ಉಂಟಂತೆ. ಆಗ ಚೀಸ್‌ನ ಪ್ರಮಾಣ ಕಡಿಮೆ ಮಾಡಬೇಕು, ಎರಡರ ಉಪ್ಪೂ ಸೇರಿ ಮೀರುತ್ತದೆ.

ಒಗ್ಗದವೂ ಇವೆ. ಟೊಮೆಟೊ, ನಿಂಬೆರಸ, ಮೊಸರು ಇವನ್ನು ಸಾಸ್‌ಗೆ ನೇರವಾಗಿ ಹಾಕಿದರೆ ಹುಳಿಗೆ ಹಾಲಿನ ಪ್ರೋಟೀನ್ ಒಡೆಯುತ್ತದೆ. ಗರಂ ಮಸಾಲೆ ಹಾಕಿದರೆ ಅದು ಮ್ಯಾಕರೋನಿ ಆಂಡ್ ಚೀಸ್ ಆಗಿ ಉಳಿಯುವುದಿಲ್ಲ. ಅದು ಬೇರೆಯೇ ಒಂದು ತಿಂಡಿ, ರುಚಿಯಿಲ್ಲವೆಂದು ಹೇಳಲಾರೆ. ಹುಳಿ ಬೇಕೆನಿಸಿದರೆ ಪಕ್ಕದಲ್ಲಿ ಬಡಿಸಿಕೊಳ್ಳುವುದು ಸರಿ. ನಮ್ಮ ಅತ್ತೆ ಮೊದಲ ತುತ್ತಿಗೇ, “ಮಿಡಿ ಉಪ್ಪಿನಕಾಯಿ ಇಲ್ದೇ ಇದ್ನ ತಿಂಬದು ಹ್ಯಾಂಗೆ?” ಎಂದು ಭರಣಿ ತರಿಸಿದರು. ಅಪ್ಪೆಮಿಡಿಯ ಘಮ ಮತ್ತು ಹುಳಿ, ಕೊಬ್ಬು ತುಂಬಿದ ಈ ಖಾದ್ಯದ ಜಿಡ್ಡನ್ನು ಎಷ್ಟು ಚೆನ್ನಾಗಿ ಕತ್ತರಿಸುತ್ತದೆಂದರೆ, ಈಗ ಅದಿಲ್ಲದೆ ನಮ್ಮಲ್ಲಿ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ.

ಉಳಿದ ಚೀಸ್ ಕಾಪಾಡುವುದು ನಮ್ಮ ಮಳೆಗಾಲದಲ್ಲಿ ಬೇರೆಯದೇ ಸಮಸ್ಯೆ. ಕತ್ತರಿಸಿದ ಬ್ಲಾಕ್ ಅನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನ ಕೆಳಭಾಗದಲ್ಲಿಡಬೇಕು. ಒದ್ದೆ ಕೈ ತಾಗಿದರೆ ವಾರದೊಳಗೆ ಬೂಸ್ಟು. ಜುಲೈ ತಿಂಗಳಿನಲ್ಲಿ ಮರ ಬಿದ್ದು ಇಡೀ ದಿನ ಕರೆಂಟ್ ಇಲ್ಲದ ಹಳ್ಳಿಮನೆಗಳವರು ಆ ಕಾಲಕ್ಕೆ ಬ್ಲಾಕ್ ಬಿಟ್ಟು ಕ್ಯೂಬ್‌ಗಳನ್ನೇ, ಅದೂ ಬೇಕಾದಷ್ಟನ್ನೇ ತರುವುದು ಜಾಣತನ. ಚೆಡ್ಡಾರ್‌ನಂಥ ಗಟ್ಟಿ ಚೀಸ್‌ನ ಒಂದು ಮೂಲೆಗೆ ಬೂಸ್ಟು ಬಂದರೆ ಸುತ್ತಲೂ ಒಂದು ಅಂಗುಲ ಕತ್ತರಿಸಿ ತೆಗೆದು ಬಳಸಬಹುದು, ತುರಿದ ಚೀಸ್‌ಗೆ ಬಂದರೆ ಪ್ಯಾಕೆಟ್ ಪೂರ್ತಿ ಎಸೆಯಬೇಕು. ತುರಿದು ಫ್ರೀಜರ್‌ನಲ್ಲಿಟ್ಟ ಚೀಸ್ ಪುಡಿಪುಡಿಯಾಗುತ್ತದೆ, ಸ್ಯಾಂಡ್‌ವಿಚ್‌ಗೆ ಬಾರದು, ಆದರೆ ಸಾಸ್‌ಗೆ ಅದರಿಂದ ಏನೂ ತೊಂದರೆಯಿಲ್ಲ.

ಮಾಡಿದ ಮ್ಯಾಕರೋನಿ ಉಳಿದರೆ ಮರುದಿನ ಅದು ಸಾಸ್ ಅನ್ನೆಲ್ಲ ಹೀರಿ ಗಟ್ಟಿಯಾಗಿರುತ್ತದೆ. ಹಾಲು ಚಿಮುಕಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ತಕ್ಕಮಟ್ಟಿಗೆ ಸಡಿಲವಾಗುತ್ತದೆಯಾದರೂ ಮೊದಲಿನ ನಯ ಬಾರದು. ಅದಕ್ಕಿಂತ ಉತ್ತಮ ಉಪಾಯವೆಂದರೆ ತಣ್ಣಗಿನ ಮುದ್ದೆಯನ್ನೇ ಬಿಲ್ಲೆಗಳಾಗಿ ತಟ್ಟಿ, ಸಣ್ಣ ರವೆಯಲ್ಲಿ ಹೊರಳಿಸಿ, ದೋಸೆ ಕಾವಲಿಯ ಮೇಲೆ ತುಪ್ಪ ಬಿಟ್ಟು ಎರಡೂ ಬದಿ ಕೆಂಪಗೆ ಬೇಯಿಸುವುದು. ಕಾವಲಿ ಚೆನ್ನಾಗಿ ಕಾದಿರಬೇಕು, ಮತ್ತು ಕೆಳಬದಿ ಗಟ್ಟಿಯಾಗುವವರೆಗೆ ಮಗುಚುವ ಸೌಟು ತಾಗಿಸಬಾರದು. ಅವಸರ ಮಾಡಿದರೆ ಚೀಸ್ ಕಾವಲಿಗೆ ಹಿಡಿದು ಬಿಲ್ಲೆ ಎರಡಾಗುತ್ತದೆ.